ಥಾಮಸ್ ಗ್ರಹಾಂ

ಹಾಸನ ಸೀಮೆಯ ಊರುಗಳ ಹೆಸರುಗಳಲ್ಲಿಯೇ ನೀರು ಅಡಗಿದೆ. ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಅರಸೀಕೆರೆಗೆ ಆ ಹೆಸರು ಬಂದಿತೆಂಬುದು ಪ್ರತೀತಿ. ಹಳೇಬೀಡು ಹೊಯ್ಸಳರ ರಾಜಧಾನಿಯಾಗಿದ್ದ ಕಾಲದಲ್ಲಿ ಅದಕ್ಕೆ ದೋರಸಮುದ್ರವೆಂಬ ಹೆಸರಿತ್ತು; ಅಲ್ಲಿನ ವಿಸ್ತಾರವಾದ ಕೆರೆಯೇ ಜನರ ಪಾಲಿಗೆ ಸಮುದ್ರವಾಗಿತ್ತು. ಬೇಲೂರಿನ ಮಗ್ಗುಲಲ್ಲಿ ಯಗಚಿ ಹರಿಯುತ್ತದೆ. ಅಂದಿನವರಿಗೆ ನೀರಿನ ಚಿಂತೆ ಎಂದರೆ ಮಳೆಯ ನೀರನ್ನು ಹಿಡಿದು ನಿಲ್ಲಿಸುವ ಚಿಂತೆ. ಇಂದು ಅದರ ಜೊತೆಗೆ ಮತ್ತೊಂದು ಚಿಂತೆ ಸೇರಿಕೊಂಡಿದೆ. ಅರಸೀಕೆರೆ ತಾಲ್ಲೂಕಿನ ಹಲವು ಹಳ್ಳಿಗಳ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶವು ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿರುವುದು ಕಂಡುಬಂದಿದೆ. ಆ ನೀರು ನೋಡಲು ತಿಳಿಯಾಗಿಯೇ ಇರುತ್ತದೆ. ಆದರೆ ಅದನ್ನು ಕುಡಿದು ಬೆಳೆದ ಮಕ್ಕಳ ಹಲ್ಲುಗಳ ಮೇಲೆ ಕಂದು ಕಲೆಗಳು ಮೂಡುತ್ತವೆ. ವರ್ಷಗಟ್ಟಲೆ ಕುಡಿದವರ ಮೂಳೆ ಕೀಲುಗಳು ಬಿಗಿದುಕೊಳ್ಳುತ್ತವೆ. ಬಟ್ಟೆಯಲ್ಲಿ ಸೋಸಿದರಾಗಲಿ, ಒಲೆಯ ಮೇಲೆ ಕುದಿಸಿದರಾಗಲಿ ಫ್ಲೋರೈಡ್ ಹೋಗುವುದಿಲ್ಲ.

ಆದುದರಿಂದಲೇ ಈಗ ಅನೇಕ ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ತಲೆಯೆತ್ತಿವೆ. ನಾಣ್ಯ ಹಾಕಿದರೆ ಕ್ಯಾನು ತುಂಬುವ ಈ ಘಟಕದ ಒಳಗೆ ಉದ್ದನೆಯ ಕೊಳವೆಗಳಿವೆ. ಕೊಳವೆಯೊಳಗೆ ಚಾಪೆಯಂತೆ ಸುರುಳಿ ಸುತ್ತಿಟ್ಟ ತೆಳುವಾದ ಹಾಳೆಗಳಿವೆ. ಆ ಹಾಳೆಯೇ ಪೊರೆ. ಅದು ನೀರನ್ನು ದಾಟಿಸಿ ಲವಣವನ್ನು ಬಹುಮಟ್ಟಿಗೆ ತಡೆಯುತ್ತದೆ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳು ಹೊರಬಿಡುವ ನೀರನ್ನು ಮತ್ತೆ ಬಳಕೆಗೆ ತರುವುದೂ ಇಂಥ ಪೊರೆಗಳೇ. ಒಂದು ಪೊರೆಯ ಮೂಲಕ ಯಾವುದು ದಾಟುತ್ತದೆ, ಯಾವುದು ದಾಟುವುದಿಲ್ಲ, ಎಷ್ಟು ಬೇಗ ದಾಟುತ್ತದೆ ಎಂಬ ಪ್ರಶ್ನೆಯನ್ನು ಹಿಡಿದು ಸುಮಾರು ನಲವತ್ತು ವರ್ಷ ದುಡಿದ ವಿಜ್ಞಾನಿಯೊಬ್ಬನಿದ್ದನು. ಅವನೇ ಥಾಮಸ್ ಗ್ರಹಾಂ. ಅವನು ಜವಳಿ ವ್ಯಾಪಾರಿಯ ಮಗನಾಗಿದ್ದನೆಂಬುದು ಸ್ವಾರಸ್ಯದ ಸಂಗತಿ.

ಗ್ರಹಾಮನು 1805ರ ಡಿಸೆಂಬರ್ ತಿಂಗಳಲ್ಲಿ ಸ್ಕಾಟ್ಲೆಂಡಿನ ಗ್ಲ್ಯಾಸ್ಗೋ ನಗರದಲ್ಲಿ ಜನಿಸಿದನು. ಅವನ ತಂದೆ ಜೇಮ್ಸ್ ಗ್ರಹಾಮನು ಬಟ್ಟೆಯ ತಯಾರಿಕೆಯಲ್ಲಿ ಚೆನ್ನಾಗಿ ಸಂಪಾದಿಸಿದ್ದನು. ಕ್ಲೈಡ್ ನದಿಯ ದಡದ ಆ ನಗರ ಆಗ ಹತ್ತಿಯ ನೂಲು, ಬಟ್ಟೆ, ಬಣ್ಣಗಳ ಬೀಡಾಗಿತ್ತು. ಹಿಂದೆ ನೆಯ್ದ ಬಟ್ಟೆಯನ್ನು ಬಿಳುಪುಗೊಳಿಸಲು ತಿಂಗಳುಗಟ್ಟಲೆ ಹುಲ್ಲುಗಾವಲಿನ ಮೇಲೆ ಬಿಸಿಲಿಗೆ ಹರವಿ, ಹುಳಿ ಹಾಲಿನಲ್ಲಿ ನೆನೆಹಾಕಬೇಕಾಗಿತ್ತು. ಚಾರ್ಲ್ಸ್ ಟೆನೆಂಟ್ ಎಂಬವನು 1799ರಲ್ಲಿ ಚೆಲುವೆ ಪುಡಿಯ ತಯಾರಿಕೆಗೆ ಹಕ್ಕುಪತ್ರ ಪಡೆದು ಗ್ಲ್ಯಾಸ್ಗೋವಿನಲ್ಲಿ ಕಾರ್ಖಾನೆ ತೆರೆದ ಮೇಲೆ ತಿಂಗಳುಗಳ ಕೆಲಸ ದಿನಗಳಿಗೆ ಇಳಿಯಿತು. ಬಟ್ಟೆಯ ಉದ್ಯಮ ಬೆಳೆದಂತೆ ರಸಾಯನ ಕಾರ್ಖಾನೆಗಳೂ ಅದರ ನೆರಳಿನಲ್ಲಿ ಬೆಳೆದವು. ಗ್ರಹಾಂ ಕಣ್ಣು ಬಿಟ್ಟದ್ದು ಇಂಥ ಊರಿನಲ್ಲಿ.

ತಂದೆಗೆ ಮಗನನ್ನು ಚರ್ಚಿನ ಧರ್ಮಬೋಧಕನನ್ನಾಗಿ ನೋಡುವ ಆಸೆ. 1819ರಲ್ಲಿ, ಹದಿನಾಲ್ಕು ತುಂಬುವ ಹೊತ್ತಿಗೆ, ಹುಡುಗನು ಗ್ಲ್ಯಾಸ್ಗೋ ವಿಶ್ವವಿದ್ಯಾನಿಲಯವನ್ನು ಸೇರಿದನು. ಅಲ್ಲಿ ಥಾಮಸ್ ಥಾಮ್ಸನ್ ಎಂಬ ರಸಾಯನ ವಿಜ್ಞಾನದ ಪ್ರಾಧ್ಯಾಪಕನ ಪಾಠಗಳನ್ನು ಕೇಳಿದ ಮೇಲೆ ಅವನ ಮನಸ್ಸು ಬೇರೊಂದು ಕಡೆಗೆ ತಿರುಗಿತು. ಪದವಿಯನ್ನು ಪಡೆದು ಎಡಿನ್‌ಬರೋ ನಗರಕ್ಕೆ ಹೋಗಿ ರಸಾಯನಶಾಸ್ತ್ರದ ಅಭ್ಯಾಸವನ್ನೇ ಮುಂದುವರಿಸಿದನು. ತಂದೆಯ ಕೋಪಕ್ಕೆ ಮಿತಿಯಿಲ್ಲದಾಯಿತು. ಅವನು ಮಗನಿಗೆ ಕೊಡುತ್ತಿದ್ದ ನೆರವನ್ನು ನಿಲ್ಲಿಸಿದನು. ಅನುಕೂಲಸ್ಥರ ಮನೆಯಲ್ಲಿ ಬೆಳೆದ ಹುಡುಗನಿಗೆ ಕೈಯಲ್ಲಿ ಕಾಸಿಲ್ಲದ ದಿನಗಳು ಬಂದವು. ತಾಯಿ ಮತ್ತು ಸೋದರಿಯ ಮಮತೆಯೊಂದೇ ಆಗ ಅವನಿಗೆ ಆಸರೆ. ಬರವಣಿಗೆಯಿಂದ ಮೊದಲ ಬಾರಿ ಕೈಗೆ ಬಂದ ಹಣವನ್ನು ಅವನು ತನ್ನ ಖರ್ಚಿಗೆ ಇಟ್ಟುಕೊಳ್ಳಲಿಲ್ಲ. ಅವರಿಬ್ಬರಿಗೂ ಉಡುಗೊರೆ ಕೊಂಡು ಕಳುಹಿಸಿದನು.

ಗ್ಲ್ಯಾಸ್ಗೋವಿಗೆ ಹಿಂದಿರುಗಿದ ಮೇಲೆ ಗ್ರಹಾಮನು ಮನೆಪಾಠ ಹೇಳಿ ಹೊಟ್ಟೆ ಹೊರೆದನು. 1829ರಲ್ಲಿ ಕುಶಲ ಕೆಲಸಗಾರರಿಗಾಗಿ ನಡೆಯುತ್ತಿದ್ದ ಸಂಸ್ಥೆಯೊಂದರಲ್ಲಿ ಉಪನ್ಯಾಸಕನಾದನು. ಮರುವರ್ಷ ಆಂಡರ್ಸನ್ ಎಂಬವನ ಉಯಿಲಿನಿಂದ ಸ್ಥಾಪಿತವಾಗಿದ್ದ ವಿದ್ಯಾಸಂಸ್ಥೆಯಲ್ಲಿ ಪ್ರಾಧ್ಯಾಪಕನ ಹುದ್ದೆ ದೊರೆಯಿತು. ಅವನು ಮಾತುಗಾರನಲ್ಲ. ತರಗತಿಯಲ್ಲಿ ನಿಂತರೆ ಅಳುಕು, ತಡವರಿಕೆ. ಆದರೂ ವಿದ್ಯಾರ್ಥಿಗಳು ಅವನನ್ನು ಬಿಟ್ಟು ಹೋಗಲಿಲ್ಲ. ಹತ್ತನೆಯ ವಯಸ್ಸಿನಿಂದ ಹತ್ತಿ ಗಿರಣಿಯಲ್ಲಿ ದುಡಿಯುತ್ತ ಓದಿದ, ಮುಂದೆ ಆಫ್ರಿಕಾದ ಒಳನಾಡನ್ನು ಸಂಚರಿಸಿ ಹೆಸರಾದ ಡೇವಿಡ್ ಲಿವಿಂಗ್‌ಸ್ಟನ್ ಅಲ್ಲಿ ಅವನ ಪಾಠ ಕೇಳಿದವರಲ್ಲಿ ಒಬ್ಬನು.

ಗ್ರಹಾಮನ ಸಂಶೋಧನೆ ಒಂದು ಬಿರುಕಿನಿಂದ ಆರಂಭವಾಯಿತೆಂದು ಹೇಳಬಹುದು. 1823ರಲ್ಲಿ ಜರ್ಮನಿಯ ಡೋಬರೈನರ್ ಎಂಬ ವಿಜ್ಞಾನಿಯು ಸಣ್ಣ ಸೀಳು ಬಿಟ್ಟಿದ್ದ ಗಾಜಿನ ಜಾಡಿಯಲ್ಲಿ ಜಲಜನಕವನ್ನು ತುಂಬಿ ನೀರಿನ ಮೇಲೆ ಬೋರಲಾಗಿ ಇಟ್ಟಿದ್ದನು. ಜಲಜನಕವು ಸೀಳಿನಿಂದ ಸೋರಿ ಹೋದಂತೆ ಜಾಡಿಯೊಳಗೆ ನೀರು ಮೇಲೇರಿತು. ಹೊರಗಿನ ಗಾಳಿಯು ಅದೇ ಸೀಳಿನಿಂದ ಒಳಬಂದು ಆ ಜಾಗವನ್ನು ಅಷ್ಟೇ ಬೇಗ ತುಂಬಲಿಲ್ಲವೇಕೆ? ಈ ಪ್ರಶ್ನೆಯನ್ನು ಗ್ರಹಾಂ ಕೈಗೆತ್ತಿಕೊಂಡನು. ಗಾಜಿನ ಕೊಳವೆಯ ಒಂದು ತುದಿಗೆ ಒಣಗಿದ ಜಿಪ್ಸಂ ಗಾರೆಯ ಬಿರಡೆಯನ್ನು ಹಾಕಿ, ಅದರ ಸೂಕ್ಷ್ಮ ರಂಧ್ರಗಳ ಮೂಲಕ ಒಂದೊಂದು ಅನಿಲವೂ ಹೊರಟು ಹೋಗುವ ವೇಗವನ್ನು ಅಳೆದನು. ಹಗುರವಾದ ಅನಿಲ ಬೇಗ ಹೋಗುತ್ತದೆ, ಭಾರವಾದುದು ನಿಧಾನವಾಗಿ ಹೋಗುತ್ತದೆ. ಆ ವೇಗವು ಅನಿಲದ ಸಾಂದ್ರತೆಯ ವರ್ಗಮೂಲಕ್ಕೆ ವಿಲೋಮವಾಗಿರುತ್ತದೆ. ಆಮ್ಲಜನಕವು ಜಲಜನಕಕ್ಕಿಂತ ಹದಿನಾರು ಪಟ್ಟು ಭಾರ. ಆದುದರಿಂದ ಜಲಜನಕವು ನಾಲ್ಕು ಪಟ್ಟು ವೇಗದಿಂದ ಹರಡುತ್ತದೆ. 1833ರಲ್ಲಿ ಪ್ರಕಟವಾದ ಈ ನಿಯಮವು ಅನಿಲಗಳ ವಿಸರಣ ನಿಯಮವೆಂದು ಅವನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಅದೇ ವರ್ಷ ಫಾಸ್ಫಾರಿಕ್ ಆಮ್ಲಗಳನ್ನು ಕುರಿತ ಅವನ ಮತ್ತೊಂದು ಮಹತ್ತ್ವದ ಸಂಶೋಧನೆಯೂ ಪ್ರಕಟವಾಯಿತು.

1837ರಲ್ಲಿ ಅವನು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ರಸಾಯನಶಾಸ್ತ್ರದ ಪ್ರಾಧ್ಯಾಪಕನಾದನು. 1841ರಲ್ಲಿ ಸ್ಥಾಪಿತವಾದ ಅಲ್ಲಿನ ರಸಾಯನಶಾಸ್ತ್ರ ಸಂಘಕ್ಕೆ ಅವನೇ ಮೊದಲ ಅಧ್ಯಕ್ಷನು. ಆ ಕಾಲದ ಲಂಡನ್ನಿನಲ್ಲಿ ನೀರು ದೊಡ್ಡ ಸಮಸ್ಯೆಯಾಗಿತ್ತು. ಥೇಮ್ಸ್ ನದಿಗೆ ಊರಿನ ಕೊಳೆಯೆಲ್ಲ ಸೇರುತ್ತಿತ್ತು. ಮತ್ತೆ ಮತ್ತೆ ಕಾಲರಾ ಬಂದು ಸಾವಿರಾರು ಜನ ಸಾಯುತ್ತಿದ್ದರು. ನಗರಕ್ಕೆ ಒದಗುತ್ತಿದ್ದ ನೀರಿನ ರಾಸಾಯನಿಕ ಗುಣವನ್ನು ಪರೀಕ್ಷಿಸಲು ಸರ್ಕಾರವು ಮೂವರು ವಿಜ್ಞಾನಿಗಳನ್ನು ನೇಮಿಸಿತು. ಗ್ರಹಾಂ, ಮಿಲ್ಲರ್ ಮತ್ತು ಹಾಫ್‌ಮನ್ ಎಂಬ ಈ ಮೂವರು 1851ರಲ್ಲಿ ತಮ್ಮ ವರದಿಯನ್ನು ಒಪ್ಪಿಸಿದರು.

ಇವರಲ್ಲಿ ಮೂರನೆಯವನಾದ ಹಾಫ್‌ಮನ್ನನ ಶಿಷ್ಯನೊಬ್ಬನ ಮನೆಯ ಪ್ರಯೋಗಶಾಲೆಯಲ್ಲಿ ಐದು ವರ್ಷಗಳ ತರುವಾಯ ಒಂದು ಘಟನೆ ನಡೆಯಿತು. ಹದಿನೆಂಟರ ಹರೆಯದ ಆ ಶಿಷ್ಯ ವಿಲಿಯಂ ಪರ್ಕಿನ್ 1856ರಲ್ಲಿ ಮಲೇರಿಯದ ಮದ್ದಾದ ಕ್ವಿನೈನನ್ನು ಕೃತಕವಾಗಿ ತಯಾರಿಸಲು ಹೊರಟು, ಕಲ್ಲಿದ್ದಲಿನ ಡಾಂಬರಿನಿಂದ ಬಂದ ವಸ್ತುವಿನಿಂದ ನೇರಳೆ ಬಣ್ಣವನ್ನು ಪಡೆದನು. ರೇಷ್ಮೆಗೆ ಹಚ್ಚಿದರೆ ಆ ಬಣ್ಣ ಬಿಡಲಿಲ್ಲ. ಕೃತಕ ಬಣ್ಣಗಳ ಉದ್ಯಮ ಹುಟ್ಟಿದ್ದು ಹೀಗೆ. ಅಲ್ಲಿಯವರೆಗೆ ಬಟ್ಟೆಗೆ ನೀಲಿ ಸಸ್ಯ, ಮಂಜಿಷ್ಠದ ಬೇರು, ಅರಗು ಮೊದಲಾದವುಗಳಿಂದ ಬಣ್ಣ ಕಟ್ಟುತ್ತಿದ್ದರು. ಮುಂದೆ ಬಂದ ಸಾವಿರಾರು ಕೃತಕ ಬಣ್ಣಗಳು ಬಿಸಿಲಿಗೂ ನೀರಿಗೂ ಜಗ್ಗದಂತೆ ರೂಪುಗೊಂಡವು. ಬಟ್ಟೆಯ ಮೇಲೆ ಇದು ಗುಣ. ನದಿಗೆ ಸೇರಿದಾಗ ಇದೇ ದೋಷ. ಬಿಸಿಲಿಗೆ ಮಾಸದ ಬಣ್ಣ ಹೊಳೆಯಲ್ಲಿಯೂ ಮಾಸದು. ಅದು ನೀರಿನೊಳಗೆ ಬೆಳಕನ್ನು ಇಳಿಯಗೊಡದು.

ಪರ್ಕಿನ್ನನ ಬಣ್ಣ ಮಾರುಕಟ್ಟೆಗೆ ಬಂದು ನಾಲ್ಕು ವರ್ಷ ಕಳೆಯುವಷ್ಟರಲ್ಲಿ, 1861ರಲ್ಲಿ, ಗ್ರಹಾಂ ತನ್ನ ಜೀವನದ ಅತಿ ದೊಡ್ಡ ಸಂಶೋಧನೆಯನ್ನು ಹೊರತಂದನು. ಅನಿಲಗಳನ್ನು ಬಿಟ್ಟು ದ್ರವಗಳ ವಿಸರಣದ ಕಡೆಗೆ ಅವನು ಬಂದು ಬಹಳ ಕಾಲವಾಗಿತ್ತು. ಎತ್ತಿನ ಮೂತ್ರಕೋಶದ ಚರ್ಮವನ್ನೂ ರಂಧ್ರಮಯವಾದ ಮಣ್ಣಿನ ಪಾತ್ರೆಯನ್ನೂ ಬಳಸಿ ಮಾಡಿದ ಅಭಿಸರಣದ ಪ್ರಯೋಗಗಳನ್ನು 1854ರಲ್ಲಿ ವಿವರಿಸಿದ್ದನು. ಈಗ ಅವನು ಎತ್ತರದ ಜಾಡಿಗಳಲ್ಲಿ ಶುದ್ಧ ನೀರನ್ನು ತುಂಬಿ, ಅದರ ಅಡಿಗೆ ಒಂದೊಂದು ವಸ್ತುವಿನ ದ್ರಾವಣವನ್ನು ನಿಧಾನವಾಗಿ ಇಳಿಬಿಟ್ಟು, ಕಲಕದೆ ದಿನಗಟ್ಟಲೆ ಹಾಗೆಯೇ ಬಿಟ್ಟನು. ಆಮೇಲೆ ಮೇಲಿನಿಂದ ಪದರ ಪದರವಾಗಿ ನೀರನ್ನು ತೆಗೆದು ಎಷ್ಟು ವಸ್ತು ಎಷ್ಟು ಮೇಲೇರಿದೆ ಎಂಬುದನ್ನು ಅಳೆದನು. ಒಂದೇ ಪ್ರಮಾಣದಲ್ಲಿ ಹರಡಲು ಹೈಡ್ರೋಕ್ಲೋರಿಕ್ ಆಮ್ಲಕ್ಕೆ 1 ಪಾಲು ಕಾಲ ಬೇಕಾದರೆ ಅಡಿಗೆಯ ಉಪ್ಪಿಗೆ 2.33 ಪಾಲು, ಸಕ್ಕರೆಗೆ 7 ಪಾಲು, ಮೊಟ್ಟೆಯ ಬಿಳಿಯ ಭಾಗಕ್ಕೆ 49 ಪಾಲು ಬೇಕಾಯಿತು. ಸಕ್ಕರೆಯನ್ನು ಸುಟ್ಟು ಮಾಡಿದ ಕಂದು ಬಣ್ಣದ ಕ್ಯಾರಮೆಲಿಗೆ 98 ಪಾಲು. ಇಂಥ ಪ್ರಯೋಗವನ್ನು ನೋಡುತ್ತ ಕೂರುವುದಕ್ಕೆ ಎಂಥ ತಾಳ್ಮೆ ಬೇಕೆಂಬುದನ್ನು ಊಹಿಸಿಕೊಳ್ಳಬಹುದು.

ಉಪ್ಪು ಸಕ್ಕರೆಗಳಂತೆ ಹರಳುಗಟ್ಟುವ ವಸ್ತುಗಳು ಬೇಗ ಹರಡುತ್ತವೆ. ಗಂಜಿ, ಗೋಂದು, ಮೊಟ್ಟೆಯ ಬಿಳಿ ಇವು ತೀರ ನಿಧಾನ. ಎರಡನೆಯ ಗುಂಪಿಗೆ ಗ್ರಹಾಮನು ಅಂಟು ಎಂಬ ಅರ್ಥದ ಗ್ರೀಕ್ ಪದದಿಂದ ಕೊಲಾಯ್ಡ್ ಎಂದು ಹೆಸರಿಟ್ಟನು. ಕನ್ನಡದಲ್ಲಿ ಅದನ್ನು ಕಲಿಲವೆನ್ನುತ್ತೇವೆ. ವೇಗದಲ್ಲಿ ಇಷ್ಟು ಅಂತರವಿದ್ದರೆ ಇವೆರಡನ್ನೂ ಬೇರೆ ಮಾಡಬಹುದಲ್ಲವೆ? ಇದಕ್ಕಾಗಿ ಅವನು ರಚಿಸಿದ ಉಪಕರಣ ಅತ್ಯಂತ ಸರಳವಾದುದು. ಜರಡಿಯ ಆಕಾರದ ಒಂದು ಬಳೆ. ಅದರ ತಳಕ್ಕೆ ಗಂಧಕಾಮ್ಲದಲ್ಲಿ ಅದ್ದಿ ತೊಳೆದು ಚರ್ಮದಂತೆ ಗಟ್ಟಿಮಾಡಿದ ಕಾಗದವನ್ನು ಬಿಗಿದು ಕಟ್ಟಿದನು. ಮಿಶ್ರ ದ್ರಾವಣವನ್ನು ಅದರಲ್ಲಿ ಹುಯ್ದು, ದೊಡ್ಡ ಪಾತ್ರೆಯ ನೀರಿನ ಮೇಲೆ ತೇಲಬಿಟ್ಟನು. ಹರಳುಗಟ್ಟುವ ವಸ್ತುಗಳು ಕಾಗದವನ್ನು ದಾಟಿ ಕೆಳಗಿನ ನೀರಿಗೆ ಇಳಿದವು; ಕಲಿಲಗಳು ಮೇಲೆಯೇ ಉಳಿದವು. ಈ ಕ್ರಿಯೆಗೆ ಅವನು ಡಯಾಲಿಸಿಸ್ ಎಂಬ ಹೆಸರನ್ನು ಕೊಟ್ಟನು. ಈ ಉಪಕರಣದಿಂದಲೇ ಅವನು ಮೂತ್ರದಿಂದ ಯೂರಿಯವನ್ನು ಬೇರ್ಪಡಿಸಿ ತೋರಿಸಿದನು.

ಬೇಲೂರಿನ ಚನ್ನಕೇಶವ ದೇವಾಲಯವನ್ನು ಕಂಡವರು ನವರಂಗದ ಸುತ್ತ ಕಲ್ಲಿನ ಜಾಲಂಧ್ರಗಳನ್ನು ನೋಡಿರುತ್ತಾರೆ. ವಿಷ್ಣುವರ್ಧನನು 1117ರಲ್ಲಿ ಕಟ್ಟಿಸಿದ ಈ ದೇವಾಲಯಕ್ಕೆ ಅವನ್ನು ಕೂಡಿಸಿದ್ದು ಎರಡನೆಯ ವೀರಬಲ್ಲಾಳನ ಕಾಲದಲ್ಲಿ. ಅವು ಬೆಳಕನ್ನೂ ಗಾಳಿಯನ್ನೂ ಒಳಗೆ ಬಿಡುತ್ತವೆ, ಹಕ್ಕಿಯನ್ನು ತಡೆಯುತ್ತವೆ. ಗ್ರಹಾಮನ ಕಾಗದವೂ ಒಂದು ಬಗೆಯ ಜಾಲಂಧ್ರವೆಂದು ತಿಳಿಯಬಹುದು. ಆದರೆ ಈ ಹೋಲಿಕೆಯನ್ನು ಬಹಳ ದೂರ ಎಳೆಯಲಾಗದು. ಜಾಲಂಧ್ರದ ಕಂಡಿಯಲ್ಲಿ ಗಾತ್ರವೊಂದೇ ಲೆಕ್ಕ. ಉಪ್ಪನ್ನು ತಡೆಯುವ ಇಂದಿನ ಪೊರೆಗಳಲ್ಲಿ ಸೂಕ್ಷ್ಮದರ್ಶಕಕ್ಕೂ ಕಾಣುವಂಥ ತೂತುಗಳಿಲ್ಲ. ನೀರಿನ ಅಣುಗಳು ಪೊರೆಯ ವಸ್ತುವಿನೊಳಗೆ ಸೇರಿಕೊಂಡು ಆಚೆಗೆ ಸಾಗುತ್ತವೆ.

1855ರಲ್ಲಿಯೇ ಗ್ರಹಾಮನು ಬ್ರಿಟನ್ನಿನ ಟಂಕಸಾಲೆಯ ಮುಖ್ಯಾಧಿಕಾರಿಯಾಗಿ ನೇಮಕಗೊಂಡಿದ್ದನು. ಒಮ್ಮೆ ಐಸಾಕ್ ನ್ಯೂಟನ್ ಕುಳಿತಿದ್ದ ಪೀಠವದು. 1860ರಲ್ಲಿ ತಾಮ್ರದ ಬಿಲ್ಲೆಗಳ ಬದಲು ಕಂಚಿನ ನಾಣ್ಯಗಳು ಚಲಾವಣೆಗೆ ಬಂದದ್ದು ಅವನ ಆಡಳಿತದಲ್ಲಿ. ಕಚೇರಿಯ ಹೊರೆಯ ನಡುವೆಯೂ ಅವನು ಪ್ರಯೋಗಗಳನ್ನು ಬಿಡಲಿಲ್ಲ. ಡಯಾಲಿಸಿಸ್ಸಿನ ಸಂಶೋಧನೆ ಹೊರಬಂದದ್ದೂ ಈ ಅವಧಿಯಲ್ಲಿಯೇ. 1862ರಲ್ಲಿ ರಾಯಲ್ ಸೊಸೈಟಿಯ ಕಾಪ್ಲಿ ಪದಕ ಅವನಿಗೆ ಸಂದಿತು. 1866ರಲ್ಲಿ ರಬ್ಬರಿನ ತೆಳು ಪೊರೆಯ ಮೂಲಕ ಗಾಳಿಯನ್ನು ಹಾಯಿಸಿ, ಆಮ್ಲಜನಕದ ಅಂಶ ನೂರಕ್ಕೆ 21ರಿಂದ 41ರವರೆಗೆ ಏರಿದುದನ್ನು ತೋರಿಸಿದನು. ಅವನು ಮದುವೆಯಾಗಲಿಲ್ಲ. 1869ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ತೀರಿಕೊಂಡನು. ಅವನ ದೇಹವನ್ನು ಹುಟ್ಟೂರಿಗೆ ತಂದು ಗ್ಲ್ಯಾಸ್ಗೋ ಮಹಾಚರ್ಚಿನಲ್ಲಿ ಸಮಾಧಿ ಮಾಡಿದರು. ಆಂಡರ್ಸನ್ ಸಂಸ್ಥೆಯಲ್ಲಿ ಅವನಿಗೆ ಸಹಾಯಕನಾಗಿದ್ದು, ಮುಂದೆ ಎಣ್ಣೆಯ ಉದ್ಯಮದಲ್ಲಿ ಸಿರಿವಂತನಾದ ಜೇಮ್ಸ್ ಯಂಗ್ ತನ್ನ ಗುರುವಿನ ಪ್ರತಿಮೆಯನ್ನು ಮಾಡಿಸಿ ನಗರಕ್ಕೆ ಕೊಟ್ಟನು.

ಗ್ರಹಾಮನ ಜರಡಿ ಬಹುಕಾಲ ಪ್ರಯೋಗಶಾಲೆಯ ಉಪಕರಣವಾಗಿಯೇ ಉಳಿಯಿತು. 1943ರಲ್ಲಿ, ಯುದ್ಧದ ನಡುವೆ, ನೆದರ್‌ಲೆಂಡಿನ ವೈದ್ಯ ವಿಲೆಂ ಕೋಲ್ಫ್ ಸೆಲೋಫೇನ್ ಕೊಳವೆಗಳಿಂದ ಮೂತ್ರಪಿಂಡದ ಕೆಲಸ ಮಾಡುವ ಯಂತ್ರವನ್ನು ಕಟ್ಟಿದನು. ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಎಂಬ ಮಾತು ಬಳಕೆಗೆ ಬಂದದ್ದು ಹಾಗೆ. ನೀರಿನ ಶುದ್ಧೀಕರಣಕ್ಕೆ ಮಾತ್ರ ಇನ್ನೊಂದು ಹೆಜ್ಜೆ ಬೇಕಾಗಿತ್ತು. ಒಣದ್ರಾಕ್ಷಿಯನ್ನು ನೀರಿನಲ್ಲಿ ಹಾಕಿದರೆ ಉಬ್ಬುತ್ತದೆ. ಉಪ್ಪಿನಕಾಯಿಗೆಂದು ಹೆಚ್ಚಿದ ಮಾವಿನಕಾಯಿಗೆ ಉಪ್ಪು ಬೆರೆಸಿಟ್ಟರೆ ಅದು ನೀರು ಬಿಡುತ್ತದೆ. ಎರಡರಲ್ಲಿಯೂ ನೀರು ಪೊರೆಯನ್ನು ದಾಟಿ ದ್ರಾವಣ ಗಟ್ಟಿಯಾಗಿರುವ ಕಡೆಗೇ ಹೋಗುತ್ತದೆ. ಇದೇ ಅಭಿಸರಣ. ಗಟ್ಟಿ ದ್ರಾವಣದ ಮೇಲೆ ಸಾಕಷ್ಟು ಒತ್ತಡ ಹಾಕಿದರೆ ನೀರು ಹಿಮ್ಮುಖವಾಗಿ ಹರಿದು, ಉಪ್ಪು ಹಿಂದೆ ಉಳಿಯುತ್ತದೆ. ಸಮುದ್ರದ ನೀರಿಗೆ ಇದಕ್ಕೆ ವಾಯುಮಂಡಲದ ಒತ್ತಡದ ಇಪ್ಪತ್ತೈದು ಪಟ್ಟಿಗಿಂತಲೂ ಹೆಚ್ಚು ಒತ್ತಡ ಬೇಕು. ಇದನ್ನು ತಾಳಿಕೊಂಡು ನೀರನ್ನು ಬೇಗನೆ ಬಿಡುವ ಪೊರೆಯನ್ನು 1960ರ ಸುಮಾರಿಗೆ ಅಮೆರಿಕದ ಸಿಡ್ನಿ ಲೋಬ್ ಮತ್ತು ಭಾರತದಲ್ಲಿ ಹುಟ್ಟಿದ ಶ್ರೀನಿವಾಸ ಸೌರಿರಾಜನ್ ಕ್ಯಾಲಿಫೋರ್ನಿಯದಲ್ಲಿ ಸಿದ್ಧಪಡಿಸಿದರು. ಅದು ಸೆಲ್ಯುಲೋಸ್ ಅಸಿಟೇಟಿನ ಪೊರೆ. ಹತ್ತಿಯ ನೂಲೂ ಗ್ರಹಾಮನ ಕಾಗದವೂ ಸೆಲ್ಯುಲೋಸಿನಿಂದಲೇ ಆದವು.

ಹತ್ತಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ನೀರಿಗೆ ಒಂದೇ ಪೊರೆ ಸಾಲದು. ಬಣ್ಣವು ನೂಲಿಗೆ ಹಿಡಿಯಲೆಂದು ಲೀಟರಿಗೆ ಹತ್ತಾರು ಗ್ರಾಂ ಉಪ್ಪನ್ನು ಬೆರೆಸುತ್ತಾರೆ. ಹಿಡಿಯದೆ ಉಳಿದ ಬಣ್ಣ, ಆ ಉಪ್ಪು, ಸೋಡ, ಸಾಬೂನು, ನೂಲಿನ ಎಳೆ ಎಲ್ಲವೂ ನೀರಿನೊಂದಿಗೆ ಹೊರಬರುತ್ತವೆ. ಮೊದಲು ಎಳೆಗಳನ್ನು ಜಾಲರಿಯಿಂದ ತೆಗೆಯಬೇಕು. ಅನಂತರ ಸೂಕ್ಷ್ಮಜೀವಿಗಳು ಕೊಳೆಯುವ ಅಂಶವನ್ನು ತಿನ್ನಬೇಕು. ಆಮೇಲೆ ಕಲಿಲಗಳನ್ನು ತಡೆಯುವ ಪೊರೆ, ಬಣ್ಣದ ಅಣುಗಳನ್ನು ತಡೆಯುವ ಇನ್ನೂ ಬಿಗಿಯಾದ ಪೊರೆ, ಕೊನೆಗೆ ಉಪ್ಪನ್ನೂ ತಡೆಯುವ ಪೊರೆ. ಪೊರೆಯ ಮೇಲೆ ಜಿಡ್ಡು ಕಟ್ಟಿಕೊಂಡರೆ ನೀರು ದಾಟದು. ಆದುದರಿಂದ ಅದನ್ನು ಆಗಾಗ್ಗೆ ತೊಳೆಯುತ್ತಿರಬೇಕು. ನೀರು ಪೊರೆಯನ್ನು ಸೇರುವ ಮೊದಲು ಇದ್ದಿಲಿನ ಮೂಲಕ ಹಾಯಿಸುವುದೂ ಉಂಟು. ಅರಸೀಕೆರೆಯ ಕಡೆ ಹೇರಳವಾಗಿ ಸಿಗುವ ತೆಂಗಿನ ಕರಟ ಇಂಥ ಇದ್ದಿಲಿಗೆ ಒಳ್ಳೆಯ ಮೂಲ.

ಈ ಕೆಲಸವನ್ನು ಮಾಡದಿದ್ದರೆ ಏನಾಗುತ್ತದೆಂಬುದನ್ನು ತಮಿಳುನಾಡಿನ ತಿರುಪ್ಪೂರಿನಲ್ಲಿ ನೋಡಬಹುದು. ಕನ್ನಡ ಮನೆಮಾತಿನ ದೇವಾಂಗ ನೇಕಾರರೂ ನೆಲೆಸಿರುವ ಕೊಂಗುನಾಡಿನ ಊರು ಅದು. ಅಲ್ಲಿನ ಬಣ್ಣದ ಕಾರ್ಖಾನೆಗಳ ನೀರು ನೊಯ್ಯಲ್ ನದಿಯನ್ನು ಸೇರಿತು. ಬೇಸಾಯಕ್ಕೆಂದು ಕಟ್ಟಿದ ಒರತ್ತುಪಾಳೆಯಂ ಅಣೆಕಟ್ಟಿನಲ್ಲಿ ಉಪ್ಪು ಮತ್ತು ಬಣ್ಣದ ನೀರು ನಿಂತಿತು. ಗದ್ದೆ ತೋಟಗಳು ಹಾಳಾದವು, ಬಾವಿಗಳು ಕೆಟ್ಟವು. ರೈತರು ನ್ಯಾಯಾಲಯಕ್ಕೆ ಹೋದರು. 2011ರ ಜನವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯವು ಒಂದು ಹನಿ ಕೊಳೆನೀರೂ ಹೊರಬಾರದಂತೆ ಮಾಡುವವರೆಗೆ ಏಳುನೂರಕ್ಕೂ ಹೆಚ್ಚಿನ ಬಣ್ಣದ ಘಟಕಗಳನ್ನು ಮುಚ್ಚಬೇಕೆಂದು ಆಜ್ಞೆ ಮಾಡಿತು. ಸಾವಿರಾರು ಕೆಲಸಗಾರರ ಕೂಲಿ ನಿಂತಿತು. ನದಿ ಉಳಿಯಬೇಕು, ಅನ್ನವೂ ಉಳಿಯಬೇಕು. ಕೊನೆಗೆ ದಾರಿ ತೋರಿದ್ದು ಪೊರೆಗಳೇ. ಅವುಗಳ ಮೂಲಕ ಹಾಯಿಸಿದ ನೀರು ಮತ್ತೆ ಬಣ್ಣದ ತೊಟ್ಟಿಗೆ ಹಿಂದಿರುಗತೊಡಗಿತು. ಮುಚ್ಚಿದ ಘಟಕಗಳು ಹಂತಹಂತವಾಗಿ ತೆರೆದವು.

ಆದರೂ ಪೊರೆಯು ಕೊಳೆಯನ್ನು ನಾಶಮಾಡುವುದಿಲ್ಲ, ಬೇರ್ಪಡಿಸುತ್ತದೆ ಅಷ್ಟೆ. ಅರಸೀಕೆರೆಯ ಹಳ್ಳಿಯ ಘಟಕದಲ್ಲಿ ಒಂದು ಕಡೆ ಕುಡಿಯುವ ನೀರು ಬಂದರೆ, ಮತ್ತೊಂದು ಕಡೆ ಮೊದಲಿಗಿಂತ ಹೆಚ್ಚು ಫ್ಲೋರೈಡ್ ತುಂಬಿದ ನೀರು ಹೊರಬರುತ್ತದೆ. ಅದನ್ನು ಚರಂಡಿಗೆ ಬಿಟ್ಟರೆ ಮತ್ತೆ ನೆಲಕ್ಕೆ ಇಂಗುತ್ತದೆ. ಬಣ್ಣದ ಕಾರ್ಖಾನೆಗಳಲ್ಲಿ ಉಳಿದ ಗಟ್ಟಿ ದ್ರಾವಣವನ್ನು ಕುದಿಸಿ ಆವಿಮಾಡುತ್ತಾರೆ. ಇದಕ್ಕೆ ಸೌದೆಯೋ ಕಲ್ಲಿದ್ದಲೋ ವಿದ್ಯುತ್ತೋ ಹೇರಳವಾಗಿ ಬೇಕು. ಶುದ್ಧವಾಗಿ ಸಿಕ್ಕ ಉಪ್ಪು ಬಣ್ಣದ ತೊಟ್ಟಿಗೆ ಹಿಂದಿರುಗುತ್ತದೆ. ಬಗೆಬಗೆಯ ಲವಣಗಳು ಬೆರೆತು ಯಾವ ಕೆಲಸಕ್ಕೂ ಬಾರದ ಉಪ್ಪು ಚೀಲಗಳಲ್ಲಿ ತುಂಬಿ ಗೋದಾಮುಗಳಲ್ಲಿ ರಾಶಿ ಬೀಳುತ್ತದೆ. ಆ ಬೆರಕೆ ಉಪ್ಪಿನಿಂದ ಒಂದೊಂದು ಲವಣವನ್ನೂ ಕಡಿಮೆ ಖರ್ಚಿನಲ್ಲಿ ಬೇರೆ ಮಾಡುವ ಪೊರೆಗಳಿಗಾಗಿ ಪ್ರಯೋಗಶಾಲೆಗಳಲ್ಲಿ ಹುಡುಕಾಟ ನಡೆದಿದೆ.